ಮಾಡ್ಯೂಲ್ ಯಾರದು ಎಂದು ಹೇಳಲು ಸಂಕೋಚವೇಕೆ?

ಮರಾಂಟ್ಜ್ ಎಂಬ ಹೆಸರು ಕೇಳಿದರೆ ಹಳೆಯ ಹೈಫೈ ಪ್ರಿಯರ ಕಣ್ಣು ಅರಳುತ್ತದೆ. 1950ರ ದಶಕದಲ್ಲಿ ಸಾಲ್ ಮರಾಂಟ್ಜ್ ನ್ಯೂಯಾರ್ಕಿನಲ್ಲಿ ಕಟ್ಟಿದ, ಮುಂದೆ ಜಪಾನಿನಲ್ಲಿ ನೆಲೆಯೂರಿದ ಈ ಕಂಪನಿಗೆ ತನ್ನ ಸರ್ಕ್ಯೂಟ್‌ಗಳ ಬಗ್ಗೆ ಮೊದಲಿನಿಂದಲೂ ಹೆಮ್ಮೆ. ಅಂಥ ಕಂಪನಿ 2017ರ ಹೊತ್ತಿಗೆ ಪಿಎಂ-10 ಎಂಬ ತನ್ನ ಅತ್ಯುನ್ನತ ಆಂಪ್ಲಿಫೈಯರನ್ನು ಮಾರುಕಟ್ಟೆಗೆ ತಂದಾಗ ಅದರ ಔಟ್‌ಪುಟ್ ಭಾಗದಲ್ಲಿ ದಪ್ಪ ಹೀಟ್ ಸಿಂಕಿಗೆ ಅಂಟಿಸಿದ ಟ್ರಾನ್ಸಿಸ್ಟರ್ ಸಾಲು ಇರಲಿಲ್ಲ. ಬದಲಿಗೆ ನೆದರ್ಲೆಂಡ್ಸ್‌ನ ಹೈಪೆಕ್ಸ್ ಕಂಪನಿಯಿಂದ ಕೊಂಡು ತಂದ ಡಿ ದರ್ಜೆಯ ಎನ್‌ಕೋರ್ ಮಾಡ್ಯೂಲ್‌ಗಳಿದ್ದವು, ಚಾನೆಲ್ಲಿಗೆ ಎರಡರಂತೆ ನಾಲ್ಕು. ಅವಕ್ಕೆ ಸಿಗ್ನಲ್ ಒದಗಿಸುವ ಪ್ರಿಆಂಪ್ ಭಾಗ ಮಾತ್ರ ಮರಾಂಟ್ಜ್‌ನ ಸ್ವಂತ ವಿನ್ಯಾಸ. ಕಂಪನಿ ಇದನ್ನು ಮುಚ್ಚಿಡಲಿಲ್ಲ. ಯಾರ ಮಾಡ್ಯೂಲ್, ಯಾಕೆ ಅದನ್ನೇ ಆರಿಸಿದೆವು ಎಂದು ಕೇಳಿದವರಿಗೆಲ್ಲ ವಿವರಿಸಿತು.

ಎಲ್ಲರೂ ಹಾಗೆ ಹೇಳುವುದಿಲ್ಲ. ಜಗತ್ತಿನ ಹೈಫೈ ಮಳಿಗೆಗಳಲ್ಲಿ ಇಂದು ಬೇರೆ ಬೇರೆ ಹೆಸರು, ಬೇರೆ ಬೇರೆ ಮುಖಫಲಕ, ಬೇರೆ ಬೇರೆ ಬೆಲೆಯ ಆಂಪ್ಲಿಫೈಯರ್‌ಗಳು ಸಾಲಾಗಿ ಕೂತಿರುತ್ತವೆ. ಮುಚ್ಚಳ ತೆಗೆದರೆ ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳೊಳಗೆ ಕಾಣುವುದು ಡೆನ್ಮಾರ್ಕಿನ ಐಸ್‌ಪವರ್, ಪ್ಯೂರಿಫೈ, ಪ್ಯಾಸ್ಕಲ್ ಅಥವಾ ನೆದರ್ಲೆಂಡ್ಸ್‌ನ ಹೈಪೆಕ್ಸ್ ತಯಾರಿಸಿದ ಬೋರ್ಡು. ಅಗ್ಗದ ಪೆಟ್ಟಿಗೆಗಳಲ್ಲಾದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲವೇ ಇನ್ಫಿನಿಯನ್‌ನ ಚಿಪ್ಪು. ಸಿದ್ಧ ಮಾಡ್ಯೂಲ್ ಕೊಂಡು ಆಂಪ್ಲಿಫೈಯರ್ ಕಟ್ಟುವುದರಲ್ಲಿ ತಪ್ಪೇನೂ ಇಲ್ಲ. ಬಹಳ ಸಲ ಅದೇ ಒಳ್ಳೆಯ ದಾರಿ. ಕೊಂಡು ತಂದದ್ದನ್ನು ಸ್ವಂತದ ಆವಿಷ್ಕಾರವೆಂಬಂತೆ ಮಾರುವುದು ಮಾತ್ರ ಗ್ರಾಹಕನಿಗೆ ಮಾಡುವ ಅನ್ಯಾಯ. ಅದನ್ನು ಅನ್ಯಾಯವೆಂದೇ ಕರೆಯಬೇಕು.

ಈ ಮಾಡ್ಯೂಲ್‌ಗಳು ಇಷ್ಟು ವ್ಯಾಪಕವಾಗಿ ಹರಡಿದ್ದಕ್ಕೆ ಕಾರಣ ಡಿ ದರ್ಜೆಯ ಸ್ವಭಾವದಲ್ಲೇ ಇದೆ. ಹಿಂದಿನಿಂದ ಬಳಕೆಯಲ್ಲಿರುವ ಎಬಿ ದರ್ಜೆಯ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಹೆಚ್ಚು ಹೊತ್ತು ಅರೆಬರೆ ತೆರೆದ ಸ್ಥಿತಿಯಲ್ಲಿರುತ್ತದೆ. ಸ್ಪೀಕರಿಗೆ ಹೋಗದೆ ಉಳಿದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಇದಕ್ಕಿಂತ ಮಿತವ್ಯಯದ ಬಿ ದರ್ಜೆಯ ಸರ್ಕ್ಯೂಟಿನ ದಕ್ಷತೆಯೇ ಲೆಕ್ಕದ ಮೇಲೂ ಶೇ 78.5 ದಾಟುವುದಿಲ್ಲ. ಮನೆಯಲ್ಲಿ ಸಣ್ಣ ದನಿಯಲ್ಲಿ ಹಾಡು ಕೇಳುವಾಗಂತೂ ಅದು ತೀರಾ ಕೆಳಗಿಳಿಯುತ್ತದೆ. ಡಿ ದರ್ಜೆಯಲ್ಲಿ ಟ್ರಾನ್ಸಿಸ್ಟರಿಗೆ ಎರಡೇ ಸ್ಥಿತಿ, ಒಂದೋ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಸೆಕೆಂಡಿಗೆ ನಾಲ್ಕೈದು ಲಕ್ಷ ಸಲ ಹೀಗೆ ಆನ್ ಆಫ್ ಆಗುತ್ತಾ, ಆನ್ ಆಗಿರುವ ಅವಧಿಯನ್ನು ಹಾಡಿನ ಅಲೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತದೆ. ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಆ ವೇಗದ ಬಡಿತವನ್ನು ಸೋಸಿ ಹಾಡನ್ನು ಮಾತ್ರ ಸ್ಪೀಕರಿಗೆ ಬಿಡುತ್ತವೆ. ಪೂರ್ತಿ ಶಕ್ತಿಯ ಹತ್ತಿರ ಕೆಲಸ ಮಾಡುವಾಗ ಶೇ 90ರಷ್ಟು ವಿದ್ಯುತ್ ಸ್ಪೀಕರಿಗೇ ತಲುಪುತ್ತದೆ. ಪೆಟ್ಟಿಗೆ ಹಗುರ, ಬಿಸಿ ಕಡಿಮೆ. ‘ಡಿ’ ಅಂದರೆ ಡಿಜಿಟಲ್ ಎಂದು ಅಂಗಡಿಯವರೂ ಹೇಳುವುದುಂಟು, ಅದು ನಿಜವಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ ಡಿ, ಅಷ್ಟೆ.

ಕೇಳಲು ಸುಲಭವೆನಿಸಿದರೂ ಮಾಡಿ ನೋಡಿದವರಿಗೆ ಕಷ್ಟ ಗೊತ್ತು. ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ 1964ರಲ್ಲೇ ಎಕ್ಸ್-10 ಎಂಬ ಕಿಟ್ ಮಾರಿದರು. ಜಾಹೀರಾತಿನಲ್ಲಿದ್ದದ್ದು 10 ವ್ಯಾಟ್, ಕೈಗೆ ಸಿಕ್ಕಿದ್ದು ಅದರ ಕಾಲು ಭಾಗದಷ್ಟು. ಆ ಕಾಲದ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ವೇಗವಾಗಿ ಆನ್ ಆಫ್ ಆಗುವ ತಾಕತ್ತಿರಲಿಲ್ಲ, ಪಕ್ಕದ ರೇಡಿಯೋಗಳಲ್ಲಿ ಗೊರಗೊರ ಸದ್ದು ಬೇರೆ. ಸೋನಿ 1977ರಲ್ಲಿ ಟಿಎ-ಎನ್88 ಎಂಬ ಆಂಪ್ಲಿಫೈಯರ್ ತಂದಿತು. ಆದರೂ ಈ ದರ್ಜೆ ಮನೆಮನೆಗೆ ಬರಲು ಇನ್ನೆರಡು ದಶಕ ಹಿಡಿಯಿತು.

ಕಷ್ಟ ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಮಾಡ್ಯೂಲ್‌ನ ಬೆಲೆ ಇರುವುದು ಅಲ್ಲಿಯೇ. ಮೇಲಿನ ಮತ್ತು ಕೆಳಗಿನ ಎರಡು ಟ್ರಾನ್ಸಿಸ್ಟರ್ ಒಂದೇ ಕ್ಷಣ ಆನ್ ಆದರೆ ಶಾರ್ಟ್ ಸರ್ಕ್ಯೂಟ್ ಆಗಿ ಎರಡೂ ಸುಟ್ಟುಹೋಗುತ್ತವೆ. ಅದನ್ನು ತಪ್ಪಿಸಲು ನಡುವೆ ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಬಿಡುವು ಕೊಡಬೇಕು. ಬಿಡುವು ಹೆಚ್ಚಾದರೆ ದನಿ ಕೆಡುತ್ತದೆ. ಬೋರ್ಡಿನ ಮೇಲಿನ ತಾಮ್ರದ ಗೆರೆ ಒಂದೆರಡು ಸೆಂಟಿಮೀಟರ್ ಉದ್ದವಾದರೂ ಸಾಕು, ಅದೇ ಆಂಟೆನಾ ಆಗಿ ಸುತ್ತಲಿನ ಉಪಕರಣಗಳಿಗೆ ಕಿರುಕುಳ ಕೊಡುತ್ತದೆ. ಇನ್ನು ಕೊನೆಯ ಕಾಯಿಲ್. ಪ್ರತಿ ಸ್ಪೀಕರಿನ ಇಂಪೀಡೆನ್ಸ್ ಬೇರೆ, ಅದಕ್ಕೆ ತಕ್ಕಂತೆ ಈ ಸೋಸುವ ಭಾಗದ ವರ್ತನೆಯೂ ಬದಲಾಗುತ್ತದೆ. ಹಾಗಾಗಿ ಮೊದಮೊದಲಿನ ಡಿ ದರ್ಜೆಯ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಬದಲಾಯಿಸಿದರೆ ತಾಳ, ಗೆಜ್ಜೆಯಂಥ ಮೇಲಿನ ಸ್ವರಗಳ ಬಣ್ಣವೇ ಬದಲಾಗುತ್ತಿತ್ತು. ಬೆಲ್ಜಿಯಂನ ಎಂಜಿನಿಯರ್ ಬ್ರೂನೋ ಪುಟ್ಜೈಸ್ ಫಿಲಿಪ್ಸ್ ಕಂಪನಿಯಲ್ಲಿದ್ದಾಗ ಇದಕ್ಕೊಂದು ದಾರಿ ಹುಡುಕಿದರು. ತಪ್ಪನ್ನು ತಿದ್ದುವ ಫೀಡ್‌ಬ್ಯಾಕನ್ನು ಕಾಯಿಲ್‌ಗಿಂತ ಮುಂಚೆ ತೆಗೆದುಕೊಳ್ಳದೆ, ಕಾಯಿಲ್ ದಾಟಿದ ಮೇಲೆ, ಅಂದರೆ ಸ್ಪೀಕರಿನ ಬಾಗಿಲಲ್ಲೇ ತೆಗೆದುಕೊಂಡರು. ಯುಸಿಡಿ ಎಂದು ಹೆಸರಾದ ಈ ವಿನ್ಯಾಸ ಹೈಪೆಕ್ಸ್ ಮೂಲಕ ಮಾಡ್ಯೂಲ್ ಆಗಿ ಮಾರುಕಟ್ಟೆಗೆ ಬಂತು. ಅವರದೇ ಮುಂದಿನ ಹೆಜ್ಜೆ 2011ರ ಸುಮಾರಿನ ಎನ್‌ಕೋರ್. ನಂತರ ಲಾರ್ಸ್ ರಿಸ್ಬೋ, ಪೀಟರ್ ಲಿಂಗ್‌ಡಾರ್ಫ್ ಜೊತೆ ಸೇರಿ ಪ್ಯೂರಿಫೈ ಕಟ್ಟಿದರು. 2019ರಲ್ಲಿ ಬಂದ ಅದರ ಐಗನ್‌ಟಾಕ್ಟ್ ಮಾಡ್ಯೂಲಿನ ವಿರೂಪ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಳೆಯುವ ಉಪಕರಣಕ್ಕೇ ಕಷ್ಟವಾಗುವಷ್ಟು.

ಇನ್ನೊಂದು ಕಡೆ ಕಾರ್ಸ್ಟನ್ ನೀಲ್ಸನ್ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪಿಎಚ್‌.ಡಿ. ಮಾಡಿದರು. ಆ ಸಂಶೋಧನೆಯ ಆಧಾರದ ಮೇಲೆ ಬ್ಯಾಂಗ್ ಅಂಡ್ ಒಲುಫ್ಸನ್ 1999ರಲ್ಲಿ ಐಸ್‌ಪವರ್ ಆರಂಭಿಸಿತು. 2016ರಲ್ಲಿ ಅದು ಮಾತೃಸಂಸ್ಥೆಯಿಂದ ಹೊರಬಂದು ಸ್ವತಂತ್ರವಾಯಿತು. ಅಮೆರಿಕದಲ್ಲಿ ಭಾರತ ಮೂಲದ ಆದ್ಯ ತ್ರಿಪಾಠಿ ಸ್ಥಾಪಿಸಿದ ಟ್ರೈಪಾತ್ ಕಂಪನಿಯ ಟಿಎ2020 ಎಂಬ ಚಿಪ್ಪು, ಜಗತ್ತನ್ನು ಬದಲಿಸಿದ 25 ಮೈಕ್ರೋಚಿಪ್‌ಗಳ ಪಟ್ಟಿಯಲ್ಲಿ ಜಾಗ ಪಡೆಯಿತು. ಎಂಜಿನಿಯರ್‌ಗಳ ಪತ್ರಿಕೆ ಐಇಇಇ ಸ್ಪೆಕ್ಟ್ರಮ್ 2009ರಲ್ಲಿ ಮಾಡಿದ ಪಟ್ಟಿ ಅದು. ಕಂಪನಿ ಮಾತ್ರ ಅಷ್ಟರೊಳಗೆ ದಿವಾಳಿಯಾಗಿತ್ತು. ಬೆಲ್ ಕ್ಯಾಂಟೋ ಎಂಬ ಅಮೆರಿಕದ ಸಣ್ಣ ಕಂಪನಿ ಮೊದಲು ಟ್ರೈಪಾತ್ ನಂಬಿಕೊಂಡು ಆಂಪ್ಲಿಫೈಯರ್ ಕಟ್ಟಿತು, ಆಮೇಲೆ ಐಸ್‌ಪವರ್ ಕಡೆ ಹೊರಳಿತು. ಒಳಗಿನ ಹೃದಯ ಬೇರೆಯವರದಾದಾಗ ಅವರ ಏಳುಬೀಳು ಕೊಂಡವರಿಗೂ ತಟ್ಟುತ್ತದೆ.

ಇಷ್ಟೆಲ್ಲ ವಿದ್ಯೆ, ಇಷ್ಟು ವರ್ಷಗಳ ಪರೀಕ್ಷೆ ಹತ್ತು ಜನರಿರುವ ಒಂದು ಆಂಪ್ಲಿಫೈಯರ್ ಕಂಪನಿಗೆ ಎಟಕುವುದಿಲ್ಲ. ಐಸ್‌ಪವರಿನ 125ಎಎಸ್ಎಕ್ಸ್2ದಂಥ ಬೋರ್ಡನ್ನೇ ನೋಡಿ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಬದಿಯಲ್ಲಿ ನೇರವಾಗಿ ಮನೆಯ ಕರೆಂಟು ಒಳಗೆ ಬರುವ ಕನೆಕ್ಟರ್, ಅದರ ಪಕ್ಕ ಫ್ಯೂಸು, ಗುಂಡನೆಯ ದೊಡ್ಡ ಕೆಪಾಸಿಟರ್‌ಗಳು, ಪುಟ್ಟ ಟ್ರಾನ್ಸ್‌ಫಾರ್ಮರ್. ಇನ್ನೊಂದು ಬದಿಯಲ್ಲಿ ಎರಡು ಚಾನೆಲ್ಲಿನ ಎರಡು ಕಾಯಿಲ್, ಸ್ಪೀಕರಿಗೆ ಹೋಗುವ ತಂತಿಯ ಜಾಗ. ಪವರ್ ಸಪ್ಲೈ, ಆಂಪ್ಲಿಫೈಯರ್ ಎರಡೂ ಇದರಲ್ಲೇ ಅಡಕ. ಸುರಕ್ಷತೆಯ ಪರೀಕ್ಷೆ, ರೇಡಿಯೋ ಕಿರುಕುಳದ ಪರೀಕ್ಷೆ ಎರಡನ್ನೂ ಗಮನದಲ್ಲಿಟ್ಟು ಮಾಡಿದ್ದರಿಂದ ಕೊಂಡ ತಯಾರಕನಿಗೆ ಪ್ರಮಾಣಪತ್ರದ ಕೆಲಸ ಬಹಳಷ್ಟು ಹಗುರವಾಗುತ್ತದೆ. ಪೆಟ್ಟಿಗೆ, ಸಾಕೆಟ್ಟು, ಸ್ವಿಚ್ಚು ಜೋಡಿಸಿದರೆ ಆಂಪ್ಲಿಫೈಯರ್ ತಯಾರು.

ಹಾಗಾದರೆ ತಯಾರಕನ ಪಾಲೇನು? ಪಾಲು ಇದೆ, ಕೆಲವೊಮ್ಮೆ ದೊಡ್ಡದೇ ಇದೆ. ಹೈಪೆಕ್ಸ್ ತಯಾರಕರಿಗೆಂದೇ ಮಾಡಿದ ಎನ್‌ಸಿ500, ಪ್ಯೂರಿಫೈನ 1ಇಟಿ400ಎ, ಇವುಗಳಲ್ಲಿ ಸಿಗ್ನಲನ್ನು ಮೊದಲು ಬರಮಾಡಿಕೊಳ್ಳುವ ಇನ್‌ಪುಟ್ ಬಫರ್ ಇಲ್ಲ, ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಅಂದರೆ ಗೇನ್ ಕೂಡ ಕಡಿಮೆ. ಮುಂದೆ ಯಾವ ಬಫರ್ ಹಾಕಬೇಕು, ಗೇನ್ ಎಷ್ಟಿರಬೇಕು, ಗ್ರೌಂಡ್ ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಕೊಂಡವರ ಜವಾಬ್ದಾರಿ. ಇಲ್ಲಿ ಎಡವಿದರೆ ಜಗತ್ತಿನ ಅತ್ಯುತ್ತಮ ಮಾಡ್ಯೂಲ್ ಹಾಕಿದರೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು ತಪ್ಪದು. ಅಮೆರಿಕದ ರೋಗ್ ಆಡಿಯೋ ಹೈಪೆಕ್ಸ್ ಮಾಡ್ಯೂಲಿನ ಮುಂದೆ ಹಳೆಯ ಕಾಲದ ವಾಲ್ವ್ ಇಟ್ಟು ಆಂಪ್ಲಿಫೈಯರ್ ಕಟ್ಟಿತು. ಪಿಎಸ್ ಆಡಿಯೋ ಐಸ್‌ಪವರ್ ಮುಂದೆ ತನ್ನದೇ ಇನ್‌ಪುಟ್ ಭಾಗ ಇಟ್ಟಿತು. ಇವರು ಕೊಂಡದ್ದು ಯಾವುದು, ಸ್ವಂತದ್ದು ಯಾವುದು ಎಂದು ಗ್ರಾಹಕರಿಗೆ ತಿಳಿದಿದೆ. ಬಟ್ಟೆ ಗಿರಣಿಯದಾದರೂ ಹೊಲಿಗೆಯ ಕೈಚಳಕಕ್ಕೆ ದರ್ಜಿಗೆ ಕೂಲಿ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಬಟ್ಟೆಯನ್ನೂ ನಾನೇ ನೇಯ್ದೆ ಎಂದರೆ ಮಾತ್ರ ಜಗಳ.

ಬಫರಿನ ಹೆಸರಿನಲ್ಲಿ ನಡೆಯುವ ಒಂದು ವ್ಯಾಪಾರದ ಬಗ್ಗೆಯೂ ಹೇಳಲೇಬೇಕು. ಒಂದೇ ಮಾಡ್ಯೂಲ್, ಒಂದೇ ಪೆಟ್ಟಿಗೆ, ಬಫರಿನಲ್ಲಿ ಕೂರುವ ಆಪ್‌ಆಂಪ್ ಎಂಬ ಪುಟ್ಟ ಚಿಪ್ಪು ಮಾತ್ರ ಬೇರೆ. ಆ ಒಂದು ಬದಲಾವಣೆಗೆ ಬೆಲೆ ಸಾವಿರಾರು ರೂಪಾಯಿ ಏರುತ್ತದೆ, ಜೊತೆಗೆ ‘ಗಾಯಕರು ಎದುರಿಗೇ ಕೂತಂತೆ’ ಎಂಬ ವರ್ಣನೆ ಬರುತ್ತದೆ. ಮಾಡ್ಯೂಲಿನ ವಿರೂಪವೇ ಕಿವಿಗೆ ನಿಲುಕದ ಮಟ್ಟದಲ್ಲಿರುವಾಗ ಒಳ್ಳೆಯ ಒಂದು ಆಪ್‌ಆಂಪ್ ತೆಗೆದು ಇನ್ನೊಂದು ಒಳ್ಳೆಯ ಆಪ್‌ಆಂಪ್ ಹಾಕಿದ್ದರಿಂದ ಏನಾಯಿತು ಎಂಬುದನ್ನು ಮಾಪನದಲ್ಲಿ ತೋರಿಸಬೇಕು. ಇಲ್ಲವೇ ಯಾವುದು ಯಾವುದೆಂದು ತಿಳಿಸದೆ ಕೇಳಿಸಿ ಸಾಬೀತು ಮಾಡಬೇಕು. ಎರಡೂ ಮಾಡದವರು ಆ ಹೆಚ್ಚುವರಿ ಹಣ ಕೇಳುವುದು ಸರಿಯಲ್ಲ.

ಹೆಸರು ಹೇಳದಿರಲು ತಯಾರಕರಿಗೂ ಕಾರಣಗಳಿವೆ. ಮಾಡ್ಯೂಲ್ ಹೆಸರು ತಿಳಿದರೆ ಗ್ರಾಹಕ ನೇರ ಅದರ ಬೆಲೆ ಹುಡುಕುತ್ತಾನೆ, ಹೈಪೆಕ್ಸ್‌ನಂಥವರು ಹವ್ಯಾಸಿಗಳಿಗೂ ಮಾಡ್ಯೂಲ್ ಮಾರುವುದರಿಂದ ಅದು ಸುಲಭವಾಗಿ ಸಿಗುತ್ತದೆ. ‘ಒಳಗಿರುವುದು ಇಷ್ಟೇ ಬೆಲೆಯದು, ನೀವು ಕೇಳುವುದು ಮೂರು ಪಟ್ಟು’ ಎಂಬ ವಾದ ಶುರುವಾಗುತ್ತದೆ. ಪೆಟ್ಟಿಗೆಯ ಖರ್ಚು, ಸಂಬಳ, ತೆರಿಗೆ, ಅಂಗಡಿಯವನ ಲಾಭ, ವಾರಂಟಿಗೆ ತೆಗೆದಿಡಬೇಕಾದ ಹಣ, ಇದ್ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ. ಈ ಅಳಲು ನಿಜವಾದದ್ದು, ಸಣ್ಣ ತಯಾರಕರ ಮೇಲೆ ಇದರ ಭಾರ ಹೆಚ್ಚು ಎಂಬುದೂ ನಿಜ. ಆದರೆ ಇದಕ್ಕೆ ಮದ್ದು ಮರೆಮಾಚುವುದಲ್ಲ. ಹೊಸ ಆಂಪ್ಲಿಫೈಯರ್ ಬಂದ ವಾರದೊಳಗೆ ಯಾರಾದರೂ ಮುಚ್ಚಳ ತೆಗೆದು ಚಿತ್ರ ಹಾಕಿಯೇ ಹಾಕುತ್ತಾರೆ. ಆಗ ಹೋಗುವುದು ಒಂದು ಮಾರಾಟವಲ್ಲ, ಕಂಪನಿಯ ಮಾತಿನ ಮೇಲಿನ ನಂಬಿಕೆ. ಎನ್‌ಎಡಿ ಕಂಪನಿ ತನ್ನ ಎಂ33, ಸಿ298 ಮಾದರಿಗಳ ಜಾಹೀರಾತಿನಲ್ಲೇ ಪ್ಯೂರಿಫೈ ಹೆಸರು ಹಾಕಿತು. ಅದರಿಂದ ಕಂಪನಿಯ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಸ್ವಂತ ವಿನ್ಯಾಸಕ್ಕೆ ದುಡಿದವರೂ ಇದ್ದಾರೆ. ಪ್ಯಾರಿಸ್‌ನ ದೆವಿಯಾಲೆ, ಜಪಾನಿನ ಟೆಕ್ನಿಕ್ಸ್ ವರ್ಷಗಟ್ಟಲೆ ಸಂಶೋಧನೆ ಮಾಡಿ ತಮ್ಮದೇ ದಾರಿ ಕಂಡುಕೊಂಡರು. ಕೊಂಡವರು ಮತ್ತು ಕಟ್ಟಿದವರು ಇಬ್ಬರೂ ಒಂದೇ ಮಾತಿನಲ್ಲಿ ‘ನಮ್ಮ ವಿಶಿಷ್ಟ ತಂತ್ರಜ್ಞಾನ’ ಎಂದು ಬರೆದುಕೊಂಡರೆ ನಿಜವಾಗಿ ಕಟ್ಟಿದವರ ಶ್ರಮಕ್ಕೆ ಬೆಲೆ ಉಳಿಯುವುದಿಲ್ಲ.

ಸಿದ್ಧ ತುಣುಕು ಕೊಂಡು ಜೋಡಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಜಪಾನಿನ ಸ್ಯಾನ್ಯೊ ಮಾಡುತ್ತಿದ್ದ ಎಸ್‌ಟಿಕೆ ಸರಣಿಯ ಐಸಿಗಳು ಒಂದು ಕಾಲದಲ್ಲಿ ಹತ್ತಾರು ಬ್ರಾಂಡುಗಳ ಸ್ಟೀರಿಯೋಗಳ ಒಳಗಿದ್ದವು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಊರೂರಿನ ರೇಡಿಯೋ ರಿಪೇರಿ ಅಂಗಡಿಗಳಲ್ಲಿ 4440 ಐಸಿಯ ಬೋರ್ಡು, 5200-1943 ಟ್ರಾನ್ಸಿಸ್ಟರ್ ಜೋಡಿಯ ಬೋರ್ಡು ಎಂದರೆ ಗೊತ್ತಿಲ್ಲದವರಿಲ್ಲ. ಅವನ್ನು ಕೊಂಡು, ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಎಷ್ಟೋ ಮೆಕ್ಯಾನಿಕ್‌ಗಳು ಮೈಕ್ ಸೆಟ್‌ನವರಿಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದಾರೆ. ಗಣೇಶನ ಪೆಂಡಾಲು, ಮದುವೆಮನೆ, ನಾಟಕದ ಸ್ಟೇಜು ಎಲ್ಲವೂ ಆ ಆಂಪ್ಲಿಫೈಯರ್‌ಗಳಲ್ಲಿ ನಡೆದಿವೆ. ಅಲ್ಲಿ ಮುಚ್ಚುಮರೆ ಇರಲಿಲ್ಲ. ಯಾವ ಐಸಿ ಹಾಕಿದ್ದೀಯ ಎಂದು ಕೇಳಿದರೆ ಮೆಕ್ಯಾನಿಕ್ ನಂಬರನ್ನೇ ಹೇಳುತ್ತಿದ್ದ. ಮೋಸವಿದ್ದದ್ದು ನಕಲಿ ಟ್ರಾನ್ಸಿಸ್ಟರ್‌ಗಳಲ್ಲಿ ಮತ್ತು ವ್ಯಾಟ್‌ಗಳಲ್ಲಿ. ಪಿಎಂಪಿಒ ಎಂಬ ಅಳತೆಯಲ್ಲಿ ಕೈಯಗಲದ ಸ್ಪೀಕರಿಗೂ ಸಾವಿರ ವ್ಯಾಟ್ ಬರೆದದ್ದನ್ನು ಒಂದು ತಲೆಮಾರಿನವರೆಲ್ಲ ನೋಡಿದ್ದಾರೆ.

ಆ ರೋಗ ಡಿ ದರ್ಜೆಯ ಕಾಲದಲ್ಲಿ ಬೇರೆ ವೇಷದಲ್ಲಿ ಮರಳಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಒಳ್ಳೆಯ ಚಿಪ್ಪು. ಅದರ ವಿವರಪತ್ರದಲ್ಲಿ 4 ಓಮ್ ಸ್ಪೀಕರಿಗೆ ಚಾನೆಲ್ಲಿಗೆ 315 ವ್ಯಾಟ್ ಎಂದಿದೆ, ಶೇ 10 ವಿರೂಪದಲ್ಲಿ ಎಂದೂ ಅಲ್ಲೇ ಸ್ಪಷ್ಟವಾಗಿ ಬರೆದಿದೆ. ಶೇ 10 ವಿರೂಪವೆಂದರೆ ಹಾಡು ಒಡೆದು ಕೇಳುವ ಮಟ್ಟ. ಈ ಚಿಪ್ಪು ಹಾಕಿದ ಪುಟ್ಟ ಪೆಟ್ಟಿಗೆಗಳು ‘300+300 ವ್ಯಾಟ್’ ಎಂದು ಮಾರಾಟವಾಗುತ್ತವೆ, ಜೊತೆಗೆ ಕೊಡುವುದು 48 ವೋಲ್ಟ್, 5 ಆಂಪಿಯರಿನ ಅಡಾಪ್ಟರ್. ಎರಡನ್ನೂ ಗುಣಿಸಿದರೆ 240 ವ್ಯಾಟ್. 240 ಒಳಗೆ ಹೋಗುವ ಕಡೆಯಿಂದ 600 ಸತತವಾಗಿ ಹೊರಬರುವುದು ಸಾಧ್ಯವೇ ಇಲ್ಲ. ಚಿಪ್ಪಿನ ಸಾಮರ್ಥ್ಯವನ್ನು ಪೆಟ್ಟಿಗೆಯ ಸಾಮರ್ಥ್ಯವೆಂದು ಬರೆಯಲಾಗಿದೆ, ಅಷ್ಟೆ. ಪೆಟ್ಟಿಗೆಯ ಮೇಲೆ ಚಿಪ್ಪಿನ ಹೆಸರು ಇದ್ದದ್ದರಿಂದಲೇ ಆ 300 ವ್ಯಾಟಿನ ಮೂಲ ಹುಡುಕಲು ಸಾಧ್ಯವಾಯಿತು ಎಂಬುದನ್ನೂ ಗಮನಿಸಬೇಕು.

ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ವ್ಯಾಟ್‌ಗಳ ಜಾಹೀರಾತಿಗೆ ನಿಯಮ ತಂದಿತು. 2024ರಲ್ಲಿ ಅದನ್ನು ಬಿಗಿಗೊಳಿಸಿತು. 8 ಓಮ್ ಸ್ಪೀಕರಿಗೆ, 20 ಹರ್ಟ್ಸ್‌ನಿಂದ 20 ಸಾವಿರ ಹರ್ಟ್ಸ್‌ವರೆಗೆ, ಶೇ 1ಕ್ಕಿಂತ ಕಡಿಮೆ ವಿರೂಪದಲ್ಲಿ ಅಳೆದ ವ್ಯಾಟ್ ಎಷ್ಟೆಂದು ಹೇಳಬೇಕು. ನಮ್ಮಲ್ಲಿ 2012ರ ಕಡ್ಡಾಯ ನೋಂದಣಿ ಆದೇಶದಲ್ಲಿ 2000 ವ್ಯಾಟ್ ಹಾಗೂ ಅದಕ್ಕೂ ಹೆಚ್ಚು ಇನ್‌ಪುಟ್ ಇರುವ ಆಂಪ್ಲಿಫೈಯರ್‌ಗಳನ್ನು ಸೇರಿಸಲಾಯಿತು. ಅದು ಶಾಕ್ ಹೊಡೆಯದಂತೆ, ಬೆಂಕಿ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವ ಸುರಕ್ಷತೆಯ ನಿಯಮ, ಅಗತ್ಯವೇ ಆದದ್ದು. ಹೇಳಿದಷ್ಟು ವ್ಯಾಟ್ ಬರುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಭಾರತೀಯ ಮಾನಕ ಸಂಸ್ಥೆ ಈ ಬಗ್ಗೆ ಅಮೆರಿಕದ ಮಾದರಿಯ ಒಂದು ಸರಳ ನಿಯಮ ತಂದರೆ ಇಲ್ಲಿನ ಪ್ರಾಮಾಣಿಕ ತಯಾರಕರಿಗೇ ಹೆಚ್ಚು ಅನುಕೂಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರಿಪೇರಿಯದು, ಇದನ್ನು ಹೈಫೈ ಪತ್ರಿಕೆಗಳು ಅಷ್ಟಾಗಿ ಚರ್ಚಿಸುವುದಿಲ್ಲ. 5200-1943 ಬೋರ್ಡು ಸುಟ್ಟರೆ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್ ಬದಲಾಯಿಸಿ ಸಂಜೆಯೊಳಗೆ ಕೊಡುತ್ತಾನೆ. ಡಿ ದರ್ಜೆಯ ಮಾಡ್ಯೂಲ್ ಸುಟ್ಟರೆ ಹಾಗಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳು, ಹಲವು ಪದರದ ಬೋರ್ಡು, ಸರ್ಕ್ಯೂಟಿನ ನಕ್ಷೆ ಹೊರಗೆ ಸಿಗದು. ಇಡೀ ಮಾಡ್ಯೂಲನ್ನೇ ಬದಲಾಯಿಸಬೇಕು. ಬದಲಾಯಿಸಲು ಅದರ ಹೆಸರು ಗೊತ್ತಿರಬೇಕು. ಒಳಗಿನ ಬೋರ್ಡಿನ ಮೇಲಿನ ಗುರುತು ಅಳಿಸಿ ಅಥವಾ ಅದರ ಮೇಲೆ ತಮ್ಮ ಸ್ಟಿಕರ್ ಅಂಟಿಸಿ ಮಾರಿದರೆ, ವಾರಂಟಿ ಮುಗಿದ ಮರುದಿನದಿಂದ ಗ್ರಾಹಕ ಆ ಕಂಪನಿಗೇ ಕಟ್ಟುಬಿದ್ದ. ಕಂಪನಿ ಮುಚ್ಚಿಹೋದರಂತೂ ಲಕ್ಷ ರೂಪಾಯಿಯ ಪೆಟ್ಟಿಗೆ ಗುಜರಿ ಪಾಲು. ಅದೇ ಹೆಸರು ತಿಳಿದಿದ್ದರೆ ಮಾಡ್ಯೂಲ್ ತಯಾರಕರಿಂದ ನೇರ ತರಿಸಬಹುದು, ಅದು ನಿಂತುಹೋಗಿದ್ದರೆ ಅದರ ಜಾಗದಲ್ಲಿ ಕೂರುವ ಹೊಸದನ್ನು ಹುಡುಕಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಕಂಪನಿಗಳು ತಮ್ಮ ಉತ್ಪನ್ನಗಳ ಬಿಡಿಭಾಗ, ರಿಪೇರಿಯ ಮಾಹಿತಿಯನ್ನು ಅಲ್ಲಿ ಹಾಕಲಿ ಎಂಬುದು ಅದರ ಉದ್ದೇಶ. ಆಂಪ್ಲಿಫೈಯರ್ ಒಳಗಿನ ಮಾಡ್ಯೂಲ್ ಹೆಸರು ಆ ಮಾಹಿತಿಯಲ್ಲಿ ಮೊದಲು ಬರಬೇಕಾದದ್ದು.

ಇಂಥ ಮಾಡ್ಯೂಲ್‌ಗಳು ಸಿಗುವುದು ನಮ್ಮಂಥ ಕಡೆಯ ಸಣ್ಣ ತಯಾರಕರಿಗೆ ದೊಡ್ಡ ಅವಕಾಶ ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಾಲ್ಕು ಜನ ಎಂಜಿನಿಯರ್‌ಗಳು ಸೇರಿದರೆ ಮರಾಂಟ್ಜ್ ಬಳಸಿದ ದರ್ಜೆಯ ಮಾಡ್ಯೂಲನ್ನೇ ತರಿಸಿ, ನಮ್ಮ ಏರಿಳಿಯುವ ವೋಲ್ಟೇಜು, ಧೂಳು, ಬೇಸಿಗೆಯ ಸೆಕೆಗೆ ಒಗ್ಗುವಂಥ ಆಂಪ್ಲಿಫೈಯರ್ ಕಟ್ಟಬಹುದು. ಅಂಥವರು ಕರಪತ್ರದಲ್ಲಿ ಒಳಗಿರುವ ಮಾಡ್ಯೂಲ್ ಯಾವುದೆಂದು ಬರೆಯಲಿ. 8 ಮತ್ತು 4 ಓಮ್‌ಗೆ ಶೇ 1ಕ್ಕಿಂತ ಕಡಿಮೆ ವಿರೂಪದಲ್ಲಿ ಸತತವಾಗಿ ಎಷ್ಟು ವ್ಯಾಟ್ ಬರುತ್ತದೆ, ತಾವು ಸ್ವಂತವಾಗಿ ವಿನ್ಯಾಸ ಮಾಡಿದ್ದು ಯಾವ ಭಾಗ, ವಾರಂಟಿ ಮುಗಿದ ಮೇಲೆ ಮಾಡ್ಯೂಲ್ ಸುಟ್ಟರೆ ಯಾವ ಬೆಲೆಗೆ, ಎಷ್ಟು ವರ್ಷದವರೆಗೆ ಬದಲಾಯಿಸಿಕೊಡುತ್ತಾರೆ ಎಂಬುದನ್ನೂ ಅಲ್ಲೇ ಬರೆಯಲಿ. ಅಂಗಡಿಗೆ ಹೋದ ಗ್ರಾಹಕರೂ ಮುಖಫಲಕದ ಹೊಳಪು ನೋಡುವ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕು, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.